ಸಿಐಎ ಹುಟ್ಟಿದ ಎರಡು ವರ್ಷಕ್ಕೆ ಇನ್ನೊಂದು ಕಾಯ್ದೆ ಏಕೆ ಬೇಕಾಯಿತು?

ಪ್ರಶ್ನೆ: ಅಮೆರಿಕದ ಸಿಐಎ 1947ರ ರಾಷ್ಟ್ರೀಯ ಭದ್ರತಾ ಕಾಯ್ದೆಯಿಂದ ಹುಟ್ಟಿತು ಎಂದು ಓದಿದ್ದೇನೆ. ಆದರೆ 1949ರಲ್ಲಿ ಅದರ ಆಡಳಿತಕ್ಕೆಂದೇ ಇನ್ನೊಂದು ಕಾಯ್ದೆ ಬಂದಿದೆ. ಎಲ್ಲವನ್ನೂ ಒಂದೇ ಸಲ ಬರೆಯಬಹುದಿತ್ತಲ್ಲ? ಗುಟ್ಟಾಗಿ ಕೆಲಸ ಮಾಡುವ ಸಂಸ್ಥೆಗೆ ಎಲ್ಲರೂ ಓದಬಹುದಾದ ಕಾನೂನು ಬರೆಯುವಾಗ ಕರಡು ತಯಾರಿಸುವವರು ಏನು ಹಾಕುತ್ತಾರೆ, ಏನು ಬಿಡುತ್ತಾರೆ? (ಕಾನೂನು ಓದುತ್ತಿರುವ ಓದುಗರೊಬ್ಬರು)

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. 1947ರ ಕಾಯ್ದೆ ಸಿಐಎಗೆ ಕೆಲಸ ಹಚ್ಚಿತು, ಆ ಕೆಲಸ ನಡೆಸುವ ಅಧಿಕಾರಗಳನ್ನು ಕೊಡಲಿಲ್ಲ. ಹಣ ಹೇಗೆ ಖರ್ಚು ಮಾಡಬೇಕು, ಲೆಕ್ಕ ಯಾರಿಗೆ ಒಪ್ಪಿಸಬೇಕು, ಸಾಮಾನು ಹೇಗೆ ಕೊಳ್ಳಬೇಕು, ಬಾಡಿಗೆ ಕಟ್ಟಡದ ಗೋಡೆ ಒಡೆದು ಮಾರ್ಪಾಡು ಮಾಡಬಹುದೇ ಎಂಬುದೆಲ್ಲ ಬಾಕಿ ಉಳಿದಿತ್ತು. ಖಾಸಗಿ ಕಂಪನಿಯಾದರೆ ಕಾನೂನು ಬೇಡವೆಂದದ್ದನ್ನು ಬಿಟ್ಟು ಉಳಿದದ್ದೆಲ್ಲ ಮಾಡಬಹುದು. ಸರ್ಕಾರಿ ಕಚೇರಿ ಹಾಗಲ್ಲ, ಒಂದು ಕುರ್ಚಿ ಕೊಳ್ಳಬೇಕಾದರೂ ಯಾವ ಕಲಮಿನ ಅಡಿ ಎಂದು ತೋರಿಸಬೇಕು.

ಎರಡನೆಯ ಪ್ರಶ್ನೆಗೆ ಉತ್ತರ ಉದ್ದ. ಕುತೂಹಲದಿಂದ 1949ರ ಕಾಯ್ದೆ ತೆರೆದವರಿಗೆ ನಿರಾಸೆ ಖಚಿತ. ಬೇಹುಗಾರ, ಸಂಕೇತ ಲಿಪಿ, ಮಾರುವೇಷ ಯಾವುದೂ ಅಲ್ಲಿಲ್ಲ. ಕಚೇರಿಯ ಮೊಹರು, ಪ್ರಯಾಣ ಭತ್ಯೆ, ವರ್ಗವಾದ ನೌಕರನ ಮನೆ ಸಾಮಾನಿನ ಸಾಗಣೆ, ಕಾವಲುಗಾರರ ಬಂದೂಕು, ಇಂಥವೇ ಇವೆ. ಆದರೂ ಗುಪ್ತಚರ ಸಂಸ್ಥೆಯೊಂದರ ನಿಜವಾದ ಬಲ ಎಷ್ಟು, ಅದರ ಲಗಾಮು ಯಾರ ಕೈಯಲ್ಲಿದೆ ಎಂದು ತಿಳಿಯಬೇಕಾದರೆ ನಾನು ಮೊದಲು ಓದುವುದು ಇಂಥ ಬೇಸರ ಹುಟ್ಟಿಸುವ ಕಲಮುಗಳನ್ನೇ. ಏಕೆಂದು ಹಿನ್ನೆಲೆಯಿಂದಲೇ ಹೇಳುತ್ತೇನೆ.

ಯುದ್ಧಕಾಲದ ಗುಪ್ತಚರ ಸಂಸ್ಥೆಯಾದ ಒಎಸ್‌ಎಸ್ ಅನ್ನು ಅಧ್ಯಕ್ಷ ಹ್ಯಾರಿ ಟ್ರೂಮನ್ 1945ರ ಅಕ್ಟೋಬರ್ 1ರಿಂದ ಮುಚ್ಚಿಬಿಟ್ಟರು. ಮುಂದಿನ ವರ್ಷ ಜನವರಿ 22ರಂದು ಒಂದು ಅಧ್ಯಕ್ಷೀಯ ನಿರ್ದೇಶನ ಹೊರಡಿಸಿ ಸೆಂಟ್ರಲ್ ಇಂಟೆಲಿಜೆನ್ಸ್ ಗ್ರೂಪ್ ಎಂಬುದನ್ನು ಕಟ್ಟಿದರು. ಅದಕ್ಕೆ ಸ್ವಂತ ಬಜೆಟ್ ಇರಲಿಲ್ಲ. ವಿದೇಶಾಂಗ, ಯುದ್ಧ ಮತ್ತು ನೌಕಾ ಇಲಾಖೆಗಳು ತಮ್ಮ ಜನರನ್ನು ನಿಯೋಜನೆಯ ಮೇಲೆ ಕಳಿಸಬೇಕಿತ್ತು, ಖರ್ಚನ್ನೂ ಅವೇ ಭರಿಸಬೇಕಿತ್ತು. ನಿಯೋಜನೆಯ ಮೇಲೆ ಬಂದವರನ್ನು ಮಾತೃ ಇಲಾಖೆ ಯಾವಾಗ ಬೇಕಾದರೂ ವಾಪಸ್ ಕರೆಸಿಕೊಳ್ಳಬಹುದು ಎಂಬುದು ಯಾವ ಸರ್ಕಾರಿ ನೌಕರನಿಗೂ ಗೊತ್ತು. ಇನ್ನು ಹಣಕಾಸು ಕೊಡುವ ಇಲಾಖೆ ತನಗೆ ಬೇಡದ ಕೆಲಸಕ್ಕೆ ಕೈ ಬಿಗಿ ಹಿಡಿಯುವುದೂ ಹೊಸತಲ್ಲ.

ಅಲ್ಲಿದ್ದ ವಕೀಲ ಲಾರೆನ್ಸ್ ಹ್ಯೂಸ್ಟನ್ ಇನ್ನೂ ದೊಡ್ಡ ತೊಡಕನ್ನು ಗುರುತಿಸಿದರು. ಯುದ್ಧಕಾಲದಲ್ಲಿ ಅಧ್ಯಕ್ಷರ ಆದೇಶದ ಮೇಲೆ ಸಂಸ್ಥೆಗಳು ಅಣಬೆಗಳಂತೆ ಎದ್ದದ್ದನ್ನು ನೋಡಿ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಒಂದು ಧನವಿನಿಯೋಗ ಕಾಯ್ದೆಯಲ್ಲಿ ಕಟ್ಟಳೆ ಸೇರಿಸಿತ್ತು: ಹೀಗೆ ಹುಟ್ಟಿದ ಸಂಸ್ಥೆ ಒಂದು ವರ್ಷ ದಾಟಿದರೆ, ಕಾಂಗ್ರೆಸ್ ಅದಕ್ಕೆಂದೇ ಹಣ ಮಂಜೂರು ಮಾಡದ ಹೊರತು ಬೇರೆ ಯಾವ ಅನುದಾನವನ್ನೂ ಅದಕ್ಕೆ ಬಳಸುವಂತಿಲ್ಲ. ಅಂದರೆ 1947ರ ಜನವರಿಯ ನಂತರ ಈ ಗುಂಪಿನ ಸಂಬಳಕ್ಕೇ ಕಾನೂನಿನ ಆಧಾರ ಅಲುಗಾಡುತ್ತಿತ್ತು. ಸಿಐಎ ಹುಟ್ಟಿದ್ದಕ್ಕೆ ಶೀತಲ ಸಮರ, ಪರ್ಲ್ ಹಾರ್ಬರ್‌ನ ಪಾಠ ಎಂದೆಲ್ಲ ಕಾರಣ ಕೊಡುತ್ತಾರೆ. ಅವು ಸುಳ್ಳಲ್ಲ. ಆದರೆ ಕಾಯ್ದೆ ಬೇಕೇ ಬೇಕು, ಬೇಗ ಬೇಕು ಎಂದು ವಕೀಲರು ದುಂಬಾಲು ಬಿದ್ದದ್ದರ ಹಿಂದೆ ಈ ಲೆಕ್ಕಪತ್ರದ ಗಡುವೂ ಇತ್ತು.

ಆಗ ಸೇನೆ, ನೌಕಾಪಡೆ, ಹೊಸ ವಾಯುಪಡೆ ಮೂರನ್ನೂ ಒಬ್ಬ ರಕ್ಷಣಾ ಕಾರ್ಯದರ್ಶಿಯ ಅಡಿ ತರುವ ಮಸೂದೆ ಸಿದ್ಧವಾಗುತ್ತಿತ್ತು. ಗುಪ್ತಚರ ವಕೀಲರು ತಮ್ಮ ಸಂಸ್ಥೆಯ ಅಧಿಕಾರ, ಖರೀದಿ, ನೇಮಕಾತಿ, ಗೋಪ್ಯ ಹಣ ಎಲ್ಲವನ್ನೂ ವಿವರವಾಗಿ ಬರೆದ ಕರಡನ್ನು ಶ್ವೇತಭವನದ ತಂಡಕ್ಕೆ ಕಳಿಸಿದರು. ಆ ತಂಡ ಅದರ ಬಹುಭಾಗವನ್ನು ಕತ್ತರಿಸಿ ಹಾಕಿತು. ಸೇನೆ ಮತ್ತು ನೌಕಾಪಡೆಯ ಜಗಳವೇ ಸಾಕುಬೇಕಾಗಿತ್ತು. ಗೋಪ್ಯ ಹಣದ ಚರ್ಚೆಯನ್ನೂ ಅದಕ್ಕೆ ಅಂಟಿಸಿದರೆ ಇಡೀ ಮಸೂದೆಯೇ ಮುಗ್ಗರಿಸಬಹುದೆಂಬ ಅಳುಕು. ಹಾಗಾಗಿ 1947ರ ಜುಲೈ 26ರಂದು ಸಹಿಯಾದ ಕಾಯ್ದೆಯಲ್ಲಿ ಸಿಐಎಗೆ ಸಿಕ್ಕಿದ್ದು 102ನೇ ಕಲಂ ಒಂದೇ. ಉಳಿದದ್ದನ್ನು ಆಮೇಲೆ ನೋಡೋಣ ಎಂದು ಮುಂದೂಡಿದರು. ನೀವು ಕೇಳಿದ ಎರಡು ವರ್ಷದ ಅಂತರದ ಮೂಲ ಇಲ್ಲಿದೆ.

ಆ ಒಂದು ಕಲಮಿನಲ್ಲಿ ಏನಿತ್ತು? ಸಂಸ್ಥೆಗೆ ಐದು ಕೆಲಸಗಳು. ನಾಲ್ಕು ಸಾಧಾರಣ: ಸಲಹೆ ಕೊಡುವುದು, ಶಿಫಾರಸು ಮಾಡುವುದು, ಮಾಹಿತಿಯನ್ನು ತಾಳೆ ನೋಡಿ ಹಂಚುವುದು, ಎಲ್ಲ ಇಲಾಖೆಗೂ ಸಾಮಾನ್ಯವಾದ ಸೇವೆಗಳನ್ನು ಒಂದೆಡೆ ನಡೆಸುವುದು. ಐದನೆಯದು ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದ ಗುಪ್ತಚರ ವಿಷಯದಲ್ಲಿ ರಾಷ್ಟ್ರೀಯ ಭದ್ರತಾ ಮಂಡಳಿ ಆಗಾಗ್ಗೆ ಹೇಳುವ ಇತರ ಕೆಲಸಗಳು. ಜೊತೆಗೆ ಒಂದು ಗಟ್ಟಿ ತಡೆ: ಪೊಲೀಸ್ ಅಧಿಕಾರ, ಸಮನ್ಸ್ ಅಧಿಕಾರ, ದೇಶದೊಳಗಿನ ಭದ್ರತೆಯ ಕೆಲಸ ಇದಕ್ಕಿಲ್ಲ. ಹಿಟ್ಲರನ ಗೆಸ್ಟಾಪೊ ಆಗಿನ್ನೂ ಜನರ ನೆನಪಿನಲ್ಲಿ ಹಸಿಯಾಗಿತ್ತು, ಈ ತಡೆ ಇಲ್ಲದೆ ಮಸೂದೆ ಸದನ ದಾಟುತ್ತಿರಲಿಲ್ಲ. ಮಾಹಿತಿಯ ಮೂಲ ಮತ್ತು ವಿಧಾನಗಳು ಬಯಲಾಗದಂತೆ ಕಾಯುವ ಹೊಣೆ ನಿರ್ದೇಶಕರದು ಎಂಬ ಅರ್ಧ ಸಾಲೂ ಅಲ್ಲೇ ಸೇರಿತು. ಆ ಅರ್ಧ ಸಾಲು ಮುಂದೆ ಎಷ್ಟು ಉಬ್ಬಿತೆಂದು ಆಮೇಲೆ ಹೇಳುತ್ತೇನೆ.

ಹೀಗಾಗಿ 1947ರ ಸೆಪ್ಟೆಂಬರ್ 18ರಂದು ಸಿಐಎ ಬಾಗಿಲು ತೆರೆದಾಗ ನಿರ್ದೇಶಕ ರೋಸ್ಕೋ ಹಿಲನ್‌ಕೋಟರ್ ಅವರ ಸ್ಥಿತಿ ವಿಚಿತ್ರವಾಗಿತ್ತು. ದೇಶದ ಹಿತಕ್ಕೆ ಅಗತ್ಯವೆನಿಸಿದರೆ ಯಾವ ನೌಕರನನ್ನಾದರೂ ಮನೆಗೆ ಕಳಿಸುವ ಅಧಿಕಾರವನ್ನು 102ನೇ ಕಲಂ ಕೊಟ್ಟಿತ್ತು. ಆದರೆ ಸರ್ಕಾರಿ ಖರೀದಿಯ ಸಾಮಾನ್ಯ ನಿಯಮ ಎಂದರೆ ಜಾಹೀರಾತು ಕೊಟ್ಟು ಟೆಂಡರ್ ಕರೆಯುವುದು. ಗುಪ್ತಚರ ಸಂಸ್ಥೆ ತನಗೆ ಯಾವ ಬಗೆಯ ರೇಡಿಯೊ ಉಪಕರಣ ಎಷ್ಟು ಬೇಕು ಎಂದು ಪತ್ರಿಕೆಯಲ್ಲಿ ಪ್ರಕಟಿಸಿದರೆ ಎದುರಾಳಿಗೆ ಬೇರೆ ಬೇಹುಗಾರನೇ ಬೇಕಿಲ್ಲ. ಖರ್ಚಿನ ಕಥೆಯೂ ಅಷ್ಟೇ. ಪರದೇಶದ ಊರೊಂದರಲ್ಲಿ ಅಧಿಕಾರಿ ಒಬ್ಬನಿಗೆ ಮಾಹಿತಿಗಾಗಿ ಹಣ ಕೊಡುತ್ತಾನೆಂದುಕೊಳ್ಳಿ. ತೆಗೆದುಕೊಂಡವನು ರಸೀದಿಗೆ ಸಹಿ ಹಾಕುವುದಿಲ್ಲ, ಹಾಕಿದರೆ ಆ ರಸೀದಿಯೇ ಅವನ ಮರಣಶಾಸನ. ಆದರೆ ವರ್ಷದ ಕೊನೆಗೆ ಲೆಕ್ಕಪರಿಶೋಧಕ ಬಂದು ವೋಚರ್ ಎಲ್ಲಿ ಎಂದು ಕೇಳುತ್ತಾನೆ. ಹೊಸ ಕಾಯ್ದೆ ಬರುವವರೆಗೂ ಬೇರೆ ಇಲಾಖೆಗಳ ಅಧಿಕಾರ, ಏರ್ಪಾಡುಗಳ ನೆರಳಿನಲ್ಲಿ ಹೇಗೋ ದಿನ ದೂಡಿದರು.

ಆಡಳಿತ ಕಾಯ್ದೆಯ ಕರಡನ್ನು ಬರೆದವರಲ್ಲಿ ಮುಖ್ಯರು ಸಂಸ್ಥೆಯ ಒಳಗಿನ ವಕೀಲರೇ: ಮುಂದೆ 1973ರವರೆಗೂ ಜನರಲ್ ಕೌನ್ಸೆಲ್ (ಸಂಸ್ಥೆಯ ಮುಖ್ಯ ವಕೀಲ) ಆಗಿ ಉಳಿದ ಹ್ಯೂಸ್ಟನ್, ಕಾಂಗ್ರೆಸ್ ಜೊತೆಗಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ವಾಲ್ಟರ್ ಫೋರ್ಟ್ಸ್‌ಹೈಮರ್, ಹ್ಯೂಸ್ಟನ್ ನಂತರ ಅದೇ ಹುದ್ದೆಗೆ ಬಂದ ಜಾನ್ ವಾರ್ನರ್. ಅವರ ಕೆಲಸದ ರೀತಿ ಕರಡು ಬರೆಯುವ ಯಾರೂ ಗಮನಿಸಬೇಕಾದದ್ದು. ಹೊಸದಾಗಿ ಏನನ್ನೂ ಕಟ್ಟದೆ, ಬೇರೆ ಕಾಯ್ದೆಗಳಲ್ಲಿ ಆಗಲೇ ಒಪ್ಪಿಗೆ ಪಡೆದ ಮಾತುಗಳನ್ನು ಎತ್ತಿ ತಂದರು. ಟೆಂಡರ್ ಇಲ್ಲದೆ ಕೊಳ್ಳುವ ಅಧಿಕಾರಕ್ಕೆ 1947ರ ಸಶಸ್ತ್ರ ಪಡೆಗಳ ಖರೀದಿ ಕಾಯ್ದೆಯ ಕಲಮುಗಳನ್ನು ಉಲ್ಲೇಖಿಸಿದರು. ಹೊರದೇಶದಲ್ಲಿರುವ ನೌಕರರ ಪ್ರಯಾಣ, ರಜೆ, ವೈದ್ಯಕೀಯ ಖರ್ಚಿಗೆ ವಿದೇಶಾಂಗ ಸೇವೆಯವರಿಗೆ ಆಗಲೇ ಇದ್ದ ಸೌಲಭ್ಯಗಳನ್ನು ಮಾದರಿಯಾಗಿಟ್ಟುಕೊಂಡರು. ಇದರಿಂದ ಎರಡು ಲಾಭ. ಹಳೆಯ ಮಾತಿಗೆ ಅರ್ಥ ಆಗಲೇ ಇತ್ಯರ್ಥವಾಗಿರುತ್ತದೆ. ಸದನದಲ್ಲಿ ಯಾರಾದರೂ ಹುಬ್ಬೇರಿಸಿದರೆ, ಇದನ್ನು ನೀವೇ ಹಿಂದೆ ಒಪ್ಪಿದ್ದೀರಲ್ಲ ಎನ್ನಬಹುದು.

ಈ ಜಾಣತನದ ಅತ್ಯುತ್ತಮ ಉದಾಹರಣೆ ಹಣದ ಕಲಂ, ಮೂಲ ಕಾಯ್ದೆಯಲ್ಲಿ 10ನೆಯದು. ಅದರ ಎರಡನೇ ಉಪಕಲಮನ್ನು ನಮ್ಮ ಕಾನೂನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಸಂಸ್ಥೆಗೆ ಒದಗಿಸಿದ ಮೊತ್ತವನ್ನು ಸರ್ಕಾರಿ ಹಣದ ವೆಚ್ಚಕ್ಕೆ ಸಂಬಂಧಪಟ್ಟ ಕಾನೂನು ಮತ್ತು ನಿಯಮಗಳನ್ನು ಲಕ್ಷಿಸದೆ ವೆಚ್ಚ ಮಾಡಬಹುದು, ಗೋಪ್ಯ, ಅಸಾಮಾನ್ಯ ಅಥವಾ ತುರ್ತು ಸ್ವರೂಪದ ಉದ್ದೇಶಗಳ ವೆಚ್ಚಕ್ಕೆ ನಿರ್ದೇಶಕರ ಪ್ರಮಾಣಪತ್ರವೊಂದರ ಮೇಲೆಯೇ ಲೆಕ್ಕ ಒಪ್ಪಿಸತಕ್ಕದ್ದು, ಅಂಥ ಪ್ರತಿ ಪ್ರಮಾಣಪತ್ರವನ್ನೂ ಅದರಲ್ಲಿ ನಮೂದಿಸಿದ ಮೊತ್ತಕ್ಕೆ ಸಾಕಾದ ವೋಚರ್ ಎಂದು ಭಾವಿಸತಕ್ಕದ್ದು.

ನಿಧಾನವಾಗಿ ಓದಿ. ಮೊದಲ ಭಾಗ ಸಂಸ್ಥೆಯ ಇಡೀ ಹಣಕ್ಕೆ ಅನ್ವಯಿಸುತ್ತದೆ, ಗೋಪ್ಯ ಖರ್ಚಿಗೆ ಮಾತ್ರವಲ್ಲ. ಎರಡನೆಯದರಲ್ಲಿ ಮೂರು ಗುಣವಾಚಕಗಳ ನಡುವೆ ‘ಅಥವಾ’ ಇದೆ: ಖರ್ಚು ಗೋಪ್ಯವಾಗಿರಬೇಕೆಂದಿಲ್ಲ, ಅಸಾಮಾನ್ಯವಾದರೂ ಸಾಕು. ಅಸಾಮಾನ್ಯ ಯಾವುದೆಂದು ತೀರ್ಮಾನಿಸುವವರು ಯಾರೆಂದು ಹೇಳಿಲ್ಲ. ಹೇಳದಿದ್ದರೆ ಸಹಿ ಹಾಕುವವರೇ ತೀರ್ಮಾನಿಸುತ್ತಾರೆ. ಮೂರನೆಯ ಭಾಗ ಲೆಕ್ಕಪರಿಶೋಧಕನ ಬಾಯಿ ಮುಚ್ಚಿಸಲು ಬರೆದದ್ದು. ವೋಚರ್ ಸಾಕು ಎಂದು ಕಾನೂನೇ ಹೇಳಿದ ಮೇಲೆ ಅವನು ಇನ್ನೊಂದನ್ನು ಕೇಳುವಂತಿಲ್ಲ.

ಈ ಮಾತುಗಳು 1949ರಲ್ಲಿ ಹುಟ್ಟಿದವೂ ಅಲ್ಲ. 1790ರಲ್ಲಿ ಕಾಂಗ್ರೆಸ್ ಜಾರ್ಜ್ ವಾಷಿಂಗ್ಟನ್ನರಿಗೆ ವಿದೇಶ ವ್ಯವಹಾರಕ್ಕೆಂದು 40,000 ಡಾಲರ್ ಒದಗಿಸಿ, ವಿವರ ಹೇಳುವುದು ಸೂಕ್ತವಲ್ಲ ಎನಿಸಿದ ಖರ್ಚಿಗೆ ಮೊತ್ತ ಮಾತ್ರ ತಿಳಿಸಿದರೆ ಸಾಕು ಎಂದಿತ್ತು. 1793ರ ಕಾಯ್ದೆಯಲ್ಲಿ ಪ್ರಮಾಣಪತ್ರವೇ ಸಾಕಾದ ವೋಚರ್ ಎಂಬ ಮಾತು ಹೆಚ್ಚುಕಡಿಮೆ ಹಾಗೆಯೇ ಇದೆ. 1846ರಲ್ಲಿ ಪ್ರತಿನಿಧಿ ಸಭೆ ಇಂಥ ಖರ್ಚಿನ ವಿವರ ಕೇಳಿದಾಗ ಅಧ್ಯಕ್ಷ ಜೇಮ್ಸ್ ಪೋಕ್ ಕೊಡಲು ನಿರಾಕರಿಸಿದ್ದರು. ಒಂದೂವರೆ ಶತಮಾನದ ಪರಂಪರೆ ಬೆನ್ನಿಗಿದ್ದಾಗ ವಿರೋಧಿಸುವುದು ಕಷ್ಟ.

ಆದರೆ ಒಂದು ವ್ಯತ್ಯಾಸವನ್ನು ಆಗ ಹೆಚ್ಚು ಜನ ಗಮನಿಸಿದಂತಿಲ್ಲ, ಈ ಕಾಯ್ದೆಯ ಮೇಲಿನ ನನ್ನ ಮುಖ್ಯ ತಕರಾರು ಅದೇ. ಹಳೆಯ ಕಾಯ್ದೆಗಳಲ್ಲಿ ಆ ವಿನಾಯಿತಿ ಜನರಿಂದ ಆಯ್ಕೆಯಾದ, ಮತ್ತೆ ಜನರ ಮುಂದೆ ಹೋಗಬೇಕಾದ ಅಧ್ಯಕ್ಷರಿಗೆಂದು ಹುಟ್ಟಿದ್ದು, ಅದೂ ಚಿಕ್ಕ ಮೊತ್ತಕ್ಕೆ. 1949ರಲ್ಲಿ ಅದೇ ಮಾತನ್ನು ಹಣ ಖರ್ಚು ಮಾಡುವ ಸಂಸ್ಥೆಯ ಮುಖ್ಯಸ್ಥರ ಕೈಗೇ ಕೊಟ್ಟರು, ಮೊತ್ತಕ್ಕೆ ಮಿತಿಯಿಲ್ಲದೆ. ಖರ್ಚು ಮಾಡುವವರೂ ಅವರೇ, ಖರ್ಚು ಸರಿಯಾಗಿದೆ ಎನ್ನುವವರೂ ಅವರೇ. ಹೋಗಲಿ, ಆ ಪ್ರಮಾಣಪತ್ರವನ್ನು ಮೂರನೆಯವರು ಯಾರಾದರೂ ಓದಬೇಕೇ? ಕಾಯ್ದೆ ಮೌನ. ಗುಟ್ಟು ಇರಲೇಬೇಕು, ಅದಕ್ಕೆ ನನ್ನ ಆಕ್ಷೇಪವಿಲ್ಲ. ಗುಟ್ಟಿನ ಕಾಗದ ಯಾರ ಮೇಜಿನ ಮೇಲೂ ಬೀಳಬೇಕಿಲ್ಲ ಎಂದು ಬಿಟ್ಟದ್ದು ಕರಡಿನ ದೋಷ.

ಇದಕ್ಕಿಂತಲೂ ಸಪ್ಪೆಯಾಗಿ ಕಾಣುವ ಕಲಂ 6, ‘ಸಾಮಾನ್ಯ ಅಧಿಕಾರಗಳು’. ಕೊರಿಯರ್‌ಗಳು, ಕಾವಲುಗಾರರು ಆಯುಧ ಹಿಡಿಯುವುದು, ಬಾಡಿಗೆ ಕಟ್ಟಡದ ದುರಸ್ತಿ ಇತ್ಯಾದಿಗಳ ತಲೆಯ ಮೇಲೆ ಒಂದು ವಾಕ್ಯ ಕೂತಿದೆ: ಬಜೆಟ್ ಬ್ಯೂರೊ ಒಪ್ಪಿದ ಮೊತ್ತವನ್ನು ಸಿಐಎ ಬೇರೆ ಸರ್ಕಾರಿ ಸಂಸ್ಥೆಗಳಿಂದ ಪಡೆಯಬಹುದು, ಅವಕ್ಕೆ ಕೊಡಲೂಬಹುದು, ಒಂದು ಅನುದಾನದಿಂದ ಇನ್ನೊಂದಕ್ಕೆ ವರ್ಗಾವಣೆ ಕೂಡದೆನ್ನುವ ಕಾನೂನುಗಳು ಇದಕ್ಕೆ ಅಡ್ಡಿಯಲ್ಲ. ಇಷ್ಟೇ. ಪರಿಣಾಮವೇನೆಂದರೆ, ಸಿಐಎಯ ಹಣವನ್ನು ರಕ್ಷಣಾ ಇಲಾಖೆಯಂಥ ಬೇರೆ ಇಲಾಖೆಯ ಬಾಬ್ತಿನಲ್ಲಿ ಅಡಗಿಸಿ ಮಂಜೂರು ಮಾಡಿಸಿ, ಆಮೇಲೆ ಸದ್ದಿಲ್ಲದೆ ಇತ್ತ ಸರಿಸಬಹುದು. ಬಜೆಟ್‌ಗೆ ಮತ ಹಾಕುವ ಬಹುಪಾಲು ಸದಸ್ಯರಿಗೆ ತಾವು ಸಿಐಎಗೆ ಎಷ್ಟು ಹಾಕಿದೆವೆಂದೇ ತಿಳಿಯದು. ಕಲಂ 7 ಅದರ ಜೋಡಿ: ಸಂಸ್ಥೆಯ ರಚನೆ, ಕಾರ್ಯ, ನೌಕರರ ಹೆಸರು, ಹುದ್ದೆ, ಸಂಬಳ, ಸಂಖ್ಯೆ ಯಾವುದನ್ನೂ ಪ್ರಕಟಿಸಬೇಕೆಂಬ ಕಾನೂನು ಇದಕ್ಕೆ ಅನ್ವಯಿಸದು. ತಲೆ ಎಣಿಕೆಯೂ ಗುಟ್ಟು, ಥೈಲಿಯೂ ಗುಟ್ಟು.

ಕಲಂ 8 ಸ್ವಲ್ಪ ಕಥೆಯ ವಾಸನೆ ಇರುವಂಥದ್ದು. ವರ್ಷಕ್ಕೆ 100 ಜನ ಮೀರದಂತೆ, ವಲಸೆ ಕಾನೂನಿನ ಪ್ರಕಾರ ಬರಲಾಗದ ವಿದೇಶಿಯರನ್ನೂ ಅವರ ಹತ್ತಿರದ ಕುಟುಂಬವನ್ನೂ ದೇಶದೊಳಗೆ ಕಾಯಂ ನೆಲೆಸಲು ಬಿಡಬಹುದು. ಪಕ್ಷ ಬದಲಿಸಿ ಬಂದ ಗುಪ್ತಚರರಿಗೆ ಕೊಡುವ ಭರವಸೆ ಇದು. ಕರಡಿನ ದೃಷ್ಟಿಯಿಂದ ಈ ಕಾಯ್ದೆಯಲ್ಲಿ ನನಗೆ ಮೆಚ್ಚಿಗೆಯಾದ ಕಲಂ ಇದೊಂದೇ ಎನ್ನಬಹುದು. ಸಂಖ್ಯೆಗೆ ಮಿತಿ ಇದೆ. ನಿರ್ದೇಶಕರ ಜೊತೆ ಅಟಾರ್ನಿ ಜನರಲ್ ಮತ್ತು ವಲಸೆ ಆಯುಕ್ತರೂ ಒಪ್ಪಬೇಕು. ಅಂದರೆ ಗುಟ್ಟನ್ನು ಉಳಿಸಿಕೊಂಡೇ ಹೊರಗಿನ ಇಬ್ಬರ ಸಹಿ ಬೇಡುವುದು ಇದೇ ಕರಡುಕಾರರಿಗೆ ಗೊತ್ತಿತ್ತು. ಮನುಷ್ಯರ ವಿಷಯಕ್ಕೆ ಬೇಕೆನಿಸಿದ ಎಚ್ಚರ ಹಣದ ವಿಷಯಕ್ಕೆ ಬೇಕೆನಿಸಲಿಲ್ಲ.

ಮಸೂದೆ ಪಾಸಾದ ರೀತಿಯೂ ಹೇಳುವಂಥದ್ದೇ. 1948ರಲ್ಲಿ ಸೆನೆಟ್ ಒಪ್ಪಿತ್ತು, ಆದರೆ ಅಧಿವೇಶನ ಮುಗಿಯುವಷ್ಟರಲ್ಲಿ ಪ್ರತಿನಿಧಿ ಸಭೆ ಕೈಗೆತ್ತಿಕೊಳ್ಳಲಿಲ್ಲ. 1949ರಲ್ಲಿ ಮತ್ತೆ ತಂದರು. ಪ್ರತಿನಿಧಿ ಸಭೆಯ ಸಶಸ್ತ್ರ ಸೇವಾ ಸಮಿತಿಯ ವರದಿ, ವಿಷಯ ಬಹಳ ಗೋಪ್ಯವಾದ್ದರಿಂದ ಎಲ್ಲ ಕಲಮುಗಳ ಪೂರ್ಣ ವಿವರಣೆ ಇಲ್ಲಿಲ್ಲ ಎಂದು ಸಲೀಸಾಗಿ ಒಪ್ಪಿಕೊಂಡಿತು. ಈ ಮಸೂದೆಯ ಬಗ್ಗೆ ನಾವು ಎಷ್ಟು ಕಡಿಮೆ ಮಾತಾಡಿದರೆ ಅಷ್ಟು ನಮಗೆಲ್ಲ ಒಳ್ಳೆಯದು ಎಂದರು ಸಮಿತಿಯ ಸದಸ್ಯ ಡ್ಯೂಯಿ ಶಾರ್ಟ್. ನ್ಯೂಯಾರ್ಕ್‌ನ ಇಮ್ಯಾನುಯೆಲ್ ಸೆಲ್ಲರ್‌ಗೆ ಸಿಟ್ಟು ಬಂತು. ಸಮಿತಿಯವರು ಕೇಳಬಹುದಾದ ವಿವರವನ್ನು ಇಡೀ ಸದನ ಏಕೆ ಕೇಳಬಾರದು, ಅವರೇನು ಬ್ರಾಹ್ಮಣರು, ನಾವು ಅಸ್ಪೃಶ್ಯರೇ ಎಂದು ಕೇಳಿದರು. ವಾಷಿಂಗ್ಟನ್ನಿನ ಸದನದಲ್ಲಿ, 1949ರಲ್ಲಿ, ಈ ಹೋಲಿಕೆ! ನಮ್ಮ ಸಾಮಾಜಿಕ ರೋಗದ ಕೀರ್ತಿ ಅಷ್ಟು ದೂರ ಹಬ್ಬಿತ್ತು. ಕೊನೆಗೆ ಮಾರ್ಚ್ 7ರಂದು 348 ಪರ, 4 ವಿರುದ್ಧ ಮತಗಳಿಂದ ಮಸೂದೆ ಪಾಸಾಯಿತು. ವಿರೋಧಿಸಿದವರಲ್ಲಿ ವಿಟೊ ಮಾರ್ಕಾಂಟೋನಿಯೊ ಒಬ್ಬರು. ಸೆನೆಟ್‌ನಲ್ಲೂ ದೊಡ್ಡ ಗಲಾಟೆಯಾಗಲಿಲ್ಲ. ಜೂನ್ 20ರಂದು ಟ್ರೂಮನ್ ಸಹಿ ಹಾಕಿದರು.

ಏನನ್ನು ಬಿಟ್ಟರು ಎಂದು ಕೇಳಿದಿರಿ. ಬಿಟ್ಟದ್ದರಲ್ಲಿ ದೊಡ್ಡದು ರಹಸ್ಯ ಕಾರ್ಯಾಚರಣೆ, ಅಂದರೆ ಬೇರೆ ದೇಶದ ರಾಜಕೀಯದಲ್ಲಿ ಗುಟ್ಟಾಗಿ ಕೈಯಾಡಿಸುವುದು. 1947ರ ಸೆಪ್ಟೆಂಬರ್‌ನಲ್ಲಿ, ಸಿಐಎ ಬಾಗಿಲು ತೆರೆದ ಒಂದೇ ವಾರಕ್ಕೆ, ಇದೇ ಹ್ಯೂಸ್ಟನ್ ತಮ್ಮ ನಿರ್ದೇಶಕರಿಗೆ ಬರೆದ ಟಿಪ್ಪಣಿಯಲ್ಲಿ, ಗುಪ್ತ ಪ್ರಚಾರ ಮತ್ತು ವಿಧ್ವಂಸಕ ಕೃತ್ಯಗಳಿಗೆ ಹೊಸ ಕಾಯ್ದೆ ಅಧಿಕಾರ ಕೊಟ್ಟಿದೆ ಎನ್ನಲಾಗದು, ಬೇಕಿದ್ದರೆ ಕಾಂಗ್ರೆಸ್ ಬಳಿ ಹೋಗಬೇಕು ಎಂದಿದ್ದರು. ಆದರೆ 1948ರ ಜೂನ್‌ನಲ್ಲಿ ಭದ್ರತಾ ಮಂಡಳಿ ತನ್ನದೇ ನಿರ್ದೇಶನದಿಂದ ಆ ಕೆಲಸ ಒಪ್ಪಿಸಿತು, 102ನೇ ಕಲಮಿನ ‘ಇತರ ಕೆಲಸಗಳು’ ಎಂಬ ಬಾಗಿಲಿನಿಂದ. ಮರುವರ್ಷ ಹಣದ ಕಲಂ ಬಂತು. ಆಮೇಲಿನ ವಾದ ಸರಳ: ಕಾಂಗ್ರೆಸ್ ಹಣ ಕೊಡುತ್ತಿದೆ, ಹಣ ಕೊಟ್ಟಿದೆ ಎಂದರೆ ಒಪ್ಪಿದೆ ಎಂದರ್ಥ. ಉದ್ದೇಶದ ಕಲಂ ಸಡಿಲವಾಗಿದ್ದು ಹಣದ ಕಲಂ ವಿಶಾಲವಾಗಿದ್ದರೆ ಎರಡೂ ಕೂಡಿ ಮೂರನೆಯ ಅಧಿಕಾರವೊಂದನ್ನು ಹಡೆಯುತ್ತವೆ, ಅದನ್ನು ಯಾವ ಸದನವೂ ಹೆಸರಿಟ್ಟು ಚರ್ಚಿಸಿರುವುದಿಲ್ಲ.

ನ್ಯಾಯಾಲಯ ಇದನ್ನು ಸರಿಪಡಿಸಲಿಲ್ಲವೇ ಎಂದು ನೀವು ಕೇಳಬಹುದು. ಸಾರ್ವಜನಿಕ ಹಣದ ಜಮಾಖರ್ಚನ್ನು ಕಾಲಕಾಲಕ್ಕೆ ಪ್ರಕಟಿಸಬೇಕೆಂದು ಅಮೆರಿಕದ ಸಂವಿಧಾನವೇ ಹೇಳುತ್ತದೆ, ಅದರಂತೆ ಸಿಐಎ ಖರ್ಚು ತೋರಿಸಿ ಎಂದು ತೆರಿಗೆದಾರರೊಬ್ಬರು ಹೂಡಿದ ದಾವೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1974ರ ರಿಚರ್ಡ್‌ಸನ್ ಪ್ರಕರಣದಲ್ಲಿ 5-4 ಬಹುಮತದಿಂದ ಕೋರ್ಟ್ ಹೇಳಿದ್ದು: ಬರಿಯ ತೆರಿಗೆದಾರನಿಗೆ ಈ ದಾವೆ ಹೂಡುವ ಹಕ್ಕಿಲ್ಲ. ಕಲಂ ಸರಿಯೋ ತಪ್ಪೋ ಎಂಬ ಮಾತೇ ಬರಲಿಲ್ಲ. ಮೂಲ ಮತ್ತು ವಿಧಾನ ಕಾಯುವ ಆ ಅರ್ಧ ಸಾಲಿಗೆ 1985ರ ಸಿಮ್ಸ್ ಪ್ರಕರಣದಲ್ಲಿ ಬಹಳ ಅಗಲವಾದ ಅರ್ಥ ಸಿಕ್ಕಿ, ಮಾಹಿತಿ ಹಕ್ಕಿನ ಅರ್ಜಿಗಳ ಎದುರು ಅದು ಸಿಐಎಯ ಗುರಾಣಿಯಾಯಿತು. ಸಂಸ್ಥೆಗೆ ಹಿನ್ನಡೆಯೂ ಆದದ್ದುಂಟು. 1988ರ ವೆಬ್‌ಸ್ಟರ್ ಪ್ರಕರಣದಲ್ಲಿ, ವಜಾ ಮಾಡುವ ವಿವೇಚನೆ ನಿರ್ದೇಶಕರದೇ ಆದರೂ ವಜಾ ಆದವರ ಸಂವಿಧಾನದತ್ತ ಹಕ್ಕಿನ ದೂರನ್ನು ಕೋರ್ಟ್ ಕೇಳಬಹುದು ಎಂದಾಯಿತು. ಇತ್ತ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ ಸಿಐಎಯ ಗೋಪ್ಯವಲ್ಲದ ಖರ್ಚನ್ನಷ್ಟೇ ನೋಡುತ್ತಿತ್ತು. ಇಷ್ಟು ನಿರ್ಬಂಧದಲ್ಲಿ ಪರಿಶೋಧನೆಗೆ ಅರ್ಥವಿಲ್ಲವೆಂದು 1962ರಲ್ಲಿ ಅದನ್ನೂ ಕೈಬಿಟ್ಟಿತು.

ದುರಸ್ತಿ ಬಂದದ್ದು ಹಗರಣಗಳ ಮೂಲಕ. 1975ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ನೇತೃತ್ವದ ಸಮಿತಿ ಹತ್ಯೆಯ ಸಂಚುಗಳಿಂದ ಹಿಡಿದು ನಾಗರಿಕರ ಅಂಚೆ ತೆರೆಯುವವರೆಗೆ ಎಲ್ಲವನ್ನೂ ಬಯಲಿಗೆಳೆದ ಮೇಲೆ ಸೆನೆಟ್ 1976ರಲ್ಲಿ, ಪ್ರತಿನಿಧಿ ಸಭೆ 1977ರಲ್ಲಿ ಕಾಯಂ ಗುಪ್ತಚರ ಸಮಿತಿ ರಚಿಸಿದವು. 1978ರಲ್ಲಿ ಸೆನೆಟರ್ ವಾಲ್ಟರ್ ಹಡಲ್‌ಸ್ಟನ್ ಎಲ್ಲ ಗುಪ್ತಚರ ಸಂಸ್ಥೆಗಳಿಗೂ ಒಂದೇ ಸಮಗ್ರ ಕಾಯ್ದೆಯ ಮಸೂದೆ ಮಂಡಿಸಿದರು, 263 ಪುಟ. ಏನು ಮಾಡಬಹುದು, ಏನು ಕೂಡದು ಎಂಬುದರ ಉದ್ದುದ್ದ ಪಟ್ಟಿ. ಕೂಡದ್ದರ ಪಟ್ಟಿ ಕೊಟ್ಟರೆ ಕೈ ಕಟ್ಟಿದಂತೆ ಎಂದು ಸಂಸ್ಥೆಯವರು, ಮಾಡಬಹುದಾದ್ದರ ಪಟ್ಟಿ ಕೊಟ್ಟರೆ ಪರವಾನಗಿ ಕೊಟ್ಟಂತೆ ಎಂದು ನಾಗರಿಕ ಹಕ್ಕಿನವರು, ಇಬ್ಬರೂ ಮುನಿಸಿಕೊಂಡರು. ಅಷ್ಟರಲ್ಲಿ ಇರಾನಿನ ಒತ್ತೆಯಾಳು ಪ್ರಕರಣ, ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ. ವಾತಾವರಣವೇ ಬದಲಾಯಿತು. 1980ರಲ್ಲಿ ಉಳಿದದ್ದು, ಕಾಂಗ್ರೆಸ್ ಸಮಿತಿಗಳಿಗೆ ಮಾಹಿತಿ ಕೊಡಬೇಕೆಂಬ ಪುಟ್ಟ ಕಾಯ್ದೆ ಮಾತ್ರ.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು: ಗುಪ್ತಚರ ಸಂಸ್ಥೆಯ ಕಾಯ್ದೆಯಲ್ಲಿ ಕೃತ್ಯಗಳ ಪಟ್ಟಿ ಬಾಳುವುದಿಲ್ಲ. ಯಾರು ಸಹಿ ಹಾಕಬೇಕು, ಆ ಕಾಗದ ಎಷ್ಟು ದಿನದಲ್ಲಿ ಯಾರನ್ನು ತಲುಪಬೇಕು ಎಂಬ ವಿಧಾನದ ಕಲಮುಗಳು ಬಾಳುತ್ತವೆ. ಪುರಾವೆ ಬೇಕೆಂದರೆ 1949ರ ಅದೇ ಕಾಯ್ದೆಗೆ 1989ರಲ್ಲಿ, ಇರಾನ್-ಕಾಂಟ್ರಾ ಹಗರಣದ (ಇರಾನಿಗೆ ಗುಟ್ಟಾಗಿ ಆಯುಧ ಮಾರಿ ಬಂದ ಹಣವನ್ನು ನಿಕರಾಗುವದ ಬಂಡುಕೋರರಿಗೆ ಸಾಗಿಸಿದ ಪ್ರಕರಣ) ನಂತರ ಹೊಸ ರೂಪ ಪಡೆದು ಸೇರಿದ ಕಲಂ 17 ಓದಿ. ಸಿಐಎಗೆ ಒಬ್ಬ ಇನ್ಸ್‌ಪೆಕ್ಟರ್ ಜನರಲ್. ಅಧ್ಯಕ್ಷರು ನೇಮಿಸಬೇಕು, ಸೆನೆಟ್ ಒಪ್ಪಬೇಕು. ಅವರ ತನಿಖೆಯನ್ನು ದೇಶದ ಭದ್ರತೆಯ ಕಾರಣಕ್ಕೆ ನಿರ್ದೇಶಕರು ತಡೆಯಬಹುದು. ಆದರೆ ತಡೆದರೆ, ಏಕೆ ತಡೆದೆನೆಂಬ ಕಾರಣವನ್ನು ಏಳು ದಿನದೊಳಗೆ ಎರಡೂ ಸದನಗಳ ಗುಪ್ತಚರ ಸಮಿತಿಗಳಿಗೆ ಬರೆದು ಕೊಡಬೇಕು. ಗುಟ್ಟು ಗುಟ್ಟಾಗಿಯೇ ಇದೆ, ನಿರ್ದೇಶಕರ ಅಧಿಕಾರವೂ ಇದೆ. ಆದರೆ ಆ ಅಧಿಕಾರ ಬಳಸಿದ ಕ್ಷಣ ಸಂಸ್ಥೆಯ ಹೊರಗಿನವರ ಕೈಗೆ ಒಂದು ಕಾಗದ ಹೋಗುತ್ತದೆ. ಹಣದ ಕಲಮಿನ ಪ್ರಮಾಣಪತ್ರಕ್ಕೆ ಇಷ್ಟನ್ನು 1949ರಲ್ಲೇ ಬರೆದಿದ್ದರೆ ಯಾವ ಬೇಹುಗಾರನ ಪ್ರಾಣಕ್ಕೂ ಸಂಚಕಾರ ಬರುತ್ತಿರಲಿಲ್ಲ.

ಬಹಿರಂಗ ಕಾನೂನು ಎಂಬುದೇ ಇಂಥ ಸಂಸ್ಥೆಗೆ ಒಗ್ಗದು ಎನ್ನುವವರಿಗೆ ಬ್ರಿಟನ್ ಕಡೆ ನೋಡಲು ಹೇಳುತ್ತೇನೆ. ಅಲ್ಲಿನ ದೇಶದೊಳಗಿನ ಭದ್ರತೆ ನೋಡಿಕೊಳ್ಳುವ ಎಂಐ5 ದಶಕಗಟ್ಟಲೆ ಕಾಯ್ದೆಯೇ ಇಲ್ಲದೆ, 1952ರ ಗೃಹ ಮಂತ್ರಿಯ ನಿರ್ದೇಶನವೊಂದರ ಮೇಲೆ ನಡೆಯಿತು. 1989ರಲ್ಲಿ ಅದಕ್ಕೆ ಕಾಯ್ದೆ ಬಂತು, 1994ರಲ್ಲಿ ಹೊರದೇಶಗಳ ಬೇಹುಗಾರಿಕೆ ನಡೆಸುವ ಎಂಐ6ಗೂ ಬಂತು. ಸಂಸ್ಥೆಗಳು ಕುಸಿಯಲಿಲ್ಲ. ಕಾಯ್ದೆ ಇದ್ದರೆ ಅಧಿಕಾರಿಗೂ ರಕ್ಷಣೆ: ನಾಳೆ ಯಾರಾದರೂ ಯಾರ ಅಪ್ಪಣೆಯಿಂದ ಹೀಗೆ ಮಾಡಿದೆ ಎಂದರೆ ತೋರಿಸಲು ಒಂದು ಕಲಂ ಇರುತ್ತದೆ.

ನಾನೇ ಕರಡು ಬರೆಯಬೇಕಾಗಿ ಬಂದರೆ ವಿನಾಯಿತಿಗಳನ್ನು ಹೆಚ್ಚುಕಡಿಮೆ ಹ್ಯೂಸ್ಟನ್ ತಂಡದಂತೆಯೇ ಕೊಡುತ್ತೇನೆ. ಟೆಂಡರ್ ಬೇಡ, ಹೆಸರು ಪ್ರಕಟಣೆ ಬೇಡ, ರಸೀದಿ ಸಿಗದಲ್ಲಿ ಪ್ರಮಾಣಪತ್ರ ಇರಲಿ. ಆದರೆ ಪ್ರತಿ ವಿನಾಯಿತಿಯ ಪಕ್ಕದಲ್ಲೇ, ಅದೇ ಕಲಮಿನೊಳಗೆ, ಅದನ್ನು ಬಳಸಿದ್ದು ಯಾರಿಗೆ ತಿಳಿಯಬೇಕೆಂದು ಬರೆಯುತ್ತೇನೆ. ಬೇರೆ ಅಧ್ಯಾಯದಲ್ಲಿ, ಇನ್ನೊಂದು ಕಾಯ್ದೆಯಲ್ಲಿ ನೋಡಿಕೊಳ್ಳೋಣ ಎಂದರೆ ಅದು ಬರಲು ನಲವತ್ತು ವರ್ಷ ಹಿಡಿಯಬಹುದು, ಇಲ್ಲಿ ಹಿಡಿದ ಹಾಗೆ. ಒಟ್ಟು ಬಜೆಟ್‌ನ ಒಂದು ಅಂಕಿಯನ್ನಾದರೂ ಬಹಿರಂಗ ಮಾಡಲು ಹೇಳುತ್ತೇನೆ. ಅಮೆರಿಕದಲ್ಲಿ 2007ರ ಕಾಯ್ದೆಯೊಂದು ಇದನ್ನು ಕಡ್ಡಾಯ ಮಾಡಿತು. ಎಲ್ಲ ಸಂಸ್ಥೆಗಳೂ ಸೇರಿದ ರಾಷ್ಟ್ರೀಯ ಗುಪ್ತಚರ ಕಾರ್ಯಕ್ರಮಕ್ಕೆ ಆ ವರ್ಷ 43.5 ಬಿಲಿಯನ್ ಡಾಲರ್ ಎಂದು ಪ್ರಕಟವಾಯಿತು. ಎದುರಾಳಿಗೆ ಅದರಿಂದ ಏನೂ ದಕ್ಕಿದಂತಿಲ್ಲ.

ಮೂಲ ಪಠ್ಯ ಹುಡುಕುವಾಗ ಒಂದು ಗೊಂದಲವಾಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ನಾನಿಲ್ಲಿ ಕೊಟ್ಟ 6, 7, 8, 10 ಎಂಬ ಸಂಖ್ಯೆಗಳು 1949ರಲ್ಲಿ ಸಹಿಯಾದ ಪ್ರತಿಯವು. ಮಧ್ಯದ ಎರಡು ಕಲಮುಗಳು 1950ರ ದಶಕದಲ್ಲಿ ರದ್ದಾಗಿ ಉಳಿದವು ಮೇಲೆ ಸರಿದವು. ಹಾಗಾಗಿ ಈಗಿನ ಪ್ರತಿಯಲ್ಲಿ ಸಾಮಾನ್ಯ ಅಧಿಕಾರಗಳು ಕಲಂ 5ರಲ್ಲಿ, ಗೋಪ್ಯತೆ 6ರಲ್ಲಿ, ವಿದೇಶಿಯರ ಪ್ರವೇಶ 7ರಲ್ಲಿ, ಪ್ರಮಾಣಪತ್ರದ ಮಾತು 8ರಲ್ಲಿ ಇವೆ. ಇನ್ಸ್‌ಪೆಕ್ಟರ್ ಜನರಲ್‌ರ ಕಲಂ ಮಾತ್ರ ಅಂದಿನಿಂದ ಇಂದಿಗೂ 17ರಲ್ಲೇ ಇದೆ.